ಕಾವಲಿನ ಬೆಲೆ: ಯಮುನೆ–ಸತ್ಲಜ್ ನಡುವೆ ಮರಾಠರು ಮತ್ತು ಸಿಖ್ಖರು

(ಮನಾಮಾದಲ್ಲಿ ನೀಡಿದ ದತ್ತಿ ಉಪನ್ಯಾಸದ ಪೂರ್ಣಪಾಠ)



ನಾನು ಬೀದರಿನವನು. ಚಿಕ್ಕಂದಿನಲ್ಲಿ ಬಿಸಿಲು ಏರಿತೆಂದರೆ ಅಜ್ಜಿ ನಮ್ಮನ್ನೆಲ್ಲ ನಾನಕ್ ಝೀರಾಕ್ಕೆ ಕರೆದುಕೊಂಡು ಹೋಗುತ್ತಿದ್ದಳು. ಜಂಬಿಟ್ಟಿಗೆಯ ಗುಡ್ಡದ ಬುಡದಿಂದ ಸಣ್ಣಗೆ ಹರಿದು ಬರುವ ತಣ್ಣನೆಯ ನೀರು. ತಲೆಗೆ ಕರವಸ್ತ್ರ ಕಟ್ಟಿಕೊಂಡು ಬೊಗಸೆಯೊಡ್ಡಿ ಕುಡಿಯಬೇಕು, ಆಮೇಲೆ ಸಾಲಿನಲ್ಲಿ ಕೂತು ರೊಟ್ಟಿ, ಬೇಳೆ ಉಣ್ಣಬೇಕು. ಗುರು ನಾನಕರು 16ನೇ ಶತಮಾನದ ಆರಂಭದಲ್ಲಿ ದಕ್ಷಿಣಕ್ಕೆ ಬಂದಾಗ ನೀರಿಲ್ಲದೆ ಒಣಗಿದ್ದ ಊರಿಗೆ ಈ ಬುಗ್ಗೆಯನ್ನು ಕೊಟ್ಟರೆಂದು ನಮ್ಮ ಕಡೆಯ ನಂಬಿಕೆ. ಅಜ್ಜಿ ಅಲ್ಲಿ ಕೈಮುಗಿಯುತ್ತಿದ್ದ ರೀತಿಗೂ ಹುಮನಾಬಾದಿನ ವೀರಭದ್ರನಿಗೆ ಕೈಮುಗಿಯುತ್ತಿದ್ದ ರೀತಿಗೂ ನನಗೆ ಯಾವ ವ್ಯತ್ಯಾಸವೂ ಕಾಣಿಸಲಿಲ್ಲ.

ಇದೇ ಬೀದರಿನ ಕ್ಷೌರಿಕ ಮನೆತನದ ಸಾಹಿಬ್ ಸಿಂಗ್, 1699ರಲ್ಲಿ ಆನಂದಪುರದಲ್ಲಿ ಗುರು ಗೋಬಿಂದ ಸಿಂಗರು ತಲೆ ಕೇಳಿದಾಗ ಎದ್ದು ನಿಂತ ಐವರಲ್ಲಿ ಒಬ್ಬರು. ಖಾಲ್ಸಾ ಹುಟ್ಟಿದ್ದು ಆ ಐವರಿಂದ. ಇನ್ನೊಂದು ಸಂಗತಿ. ನಮ್ಮ ಊರಿನಿಂದ ಹೆಚ್ಚು ದೂರವಿಲ್ಲದ ಉದಗೀರದಲ್ಲಿ 1760ರ ಫೆಬ್ರುವರಿಯಲ್ಲಿ ಸದಾಶಿವರಾವ್ ಭಾವು ನಿಜಾಮನನ್ನು ಸೋಲಿಸಿದ. ವಿಜಾಪುರದಂಥ ನಮ್ಮ ಊರುಗಳೂ ಆ ಗೆಲುವಿನ ಲೆಕ್ಕದಲ್ಲಿ ಪೇಶ್ವೆಗೆ ಸೇರಿದವು. ಆ ಗೆಲುವಿನ ಹುಮ್ಮಸ್ಸಿನಲ್ಲೇ ಮಾರ್ಚ್‌ನಲ್ಲಿ ಭಾವುವಿನ ದಂಡು ಉತ್ತರಕ್ಕೆ ಹೊರಟು ಪಾಣಿಪತ್ತಿನಲ್ಲಿ ಮುಗಿದುಹೋಯಿತು. ಉದಗೀರ 1956ರವರೆಗೂ ಬೀದರ್ ಜಿಲ್ಲೆಯಲ್ಲೇ ಇತ್ತು. ಸಿಖ್ಖರ ಕಥೆಗೂ ಮರಾಠರ ಉತ್ತರದ ಕಥೆಗೂ ಒಂದೊಂದು ಎಳೆ ನಮ್ಮ ಮಣ್ಣಿನಿಂದ ಹೋಗಿದೆ. ಆ ಎರಡು ಎಳೆಗಳು ಯಮುನೆಯ ಆಚೆ ಎಲ್ಲಿ ಸಿಕ್ಕಾದವು, ಯಾಕೆ ಸಿಕ್ಕಾದವು ಎಂಬುದೇ ಇವತ್ತಿನ ಮಾತು.

ಮೊದಲಿಗೇ ನನ್ನ ನಿಲುವನ್ನು ಹೇಳಿಬಿಡುತ್ತೇನೆ. ಈ ಜಗಳ ಧರ್ಮದ್ದಾಗಿರಲಿಲ್ಲ, ಭಾಷೆಯದೂ ಆಗಿರಲಿಲ್ಲ. ಇಬ್ಬರೂ ಒಂದೇ ಸರಕನ್ನು ಒಂದೇ ರೈತನಿಗೆ ಮಾರಲು ಹೊರಟಿದ್ದರು. ಆ ಸರಕಿನ ಹೆಸರು ಕಾವಲು.

ಚೌತ್ ಎಂದರೇನೆಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಂದಾಯದ ನಾಲ್ಕನೆಯ ಒಂದು ಪಾಲು. ಅದರ ಮೇಲೆ ಹತ್ತನೆಯ ಒಂದು ಪಾಲು ಸರ್‌ದೇಶಮುಖಿ. 1719ರಲ್ಲಿ ದಿಲ್ಲಿಯ ಬಾದಶಹ ದಖ್ಖನಿನ ಆರು ಸುಬಾಗಳ ಚೌತ್ ಎತ್ತುವ ಹಕ್ಕನ್ನು ಮರಾಠರಿಗೆ ಬರೆದುಕೊಟ್ಟಾಗ ಅದರಲ್ಲಿ ಬೀದರ್ ಇತ್ತು, ವಿಜಾಪುರವೂ ಇತ್ತು. ಕೊಟ್ಟರೆ ನಮ್ಮ ದಂಡು ನಿಮ್ಮ ಊರಿಗೆ ಬರುವುದಿಲ್ಲ, ಬೇರೆಯವರ ದಂಡನ್ನೂ ಬರಗೊಡುವುದಿಲ್ಲ: ಒಪ್ಪಂದದ ಒಳಅರ್ಥ ಇಷ್ಟೇ. 1752ರಲ್ಲಿ ಇದೇ ಪತ್ರ ಉತ್ತರಕ್ಕೂ ಹೋಯಿತು. ಅಫಘಾನ ದೊರೆ ಅಬ್ದಾಲಿಯ ಭಯದಲ್ಲಿದ್ದ ವಜೀರ ಸಫ್ದರ್‌ಜಂಗ್ ಬಾದಶಹನ ರಕ್ಷಣೆಗೆಂದು ಮರಾಠರಿಗೆ 50 ಲಕ್ಷ ರೂಪಾಯಿಯನ್ನೂ ಪಂಜಾಬ್, ಸಿಂಧ್, ದೋಆಬಗಳ ಚೌತನ್ನೂ ಒಪ್ಪಿಕೊಂಡ. ಕಾಗದದ ಮೇಲೆ ಪಂಜಾಬಿನ ಕಾವಲುಗಾರ ಈಗ ಪೇಶ್ವೆ.

ಹೊಲದ ಮೇಲೆ ಬೇರೆಯೇ ನಡೆದಿತ್ತು. 1748ರಲ್ಲಿ ಅಮೃತಸರದಲ್ಲಿ ದಳ ಖಾಲ್ಸಾ ಕೂಡಿಕೊಂಡಿತ್ತು. 1753ರ ಕೊನೆಗೆ ಲಾಹೋರಿನ ಸುಬೇದಾರ ಮೀರ್ ಮನ್ನು ಸತ್ತ ಮೇಲೆ ಪಂಜಾಬಿಗೆ ದಿಕ್ಕಿಲ್ಲದಂತಾಯಿತು. ಆಗ ಸಿಖ್ ಮಿಸಲುಗಳು ಹಳ್ಳಿ ಹಳ್ಳಿಗೆ ಹೋಗಿ ಹೇಳಿದ್ದಿಷ್ಟು: ಸುಗ್ಗಿಗೊಮ್ಮೆ, ವರ್ಷಕ್ಕೆ ಎರಡು ಸಲ, ಕಂದಾಯದ ಐದನೆಯ ಒಂದು ಪಾಲನ್ನು ನಮಗೆ ಕೊಡಿ, ಅಫಘಾನರಿಂದಲೂ ದರೋಡೆಕೋರರಿಂದಲೂ ನಿಮ್ಮನ್ನು ಕಾಯುತ್ತೇವೆ. ಅದರ ಹೆಸರೇ ರಾಖಿ. ನಮ್ಮ ರಕ್ಷೆ, ರಾಖಿ ಹಬ್ಬದ ರಾಖಿ, ಅದೇ ಶಬ್ದ. ದೋಆಬಿನ ಕೆಲವು ಕಡೆ ಸವಾರರ ಹೊದಿಕೆಗೆಂದು ಎತ್ತುತ್ತಿದ್ದ ಹಣಕ್ಕೆ ಕಂಬಳಿ ಎಂದೇ ಹೆಸರಿತ್ತು. ಈ ಶಬ್ದವನ್ನು ಮೊದಲು ಓದಿದಾಗ ನಮ್ಮ ಕುರುಬರ ಕಂಬಳಿ ಕಣ್ಣಮುಂದೆ ಬಂದು, ಆ ದೂರದ ಸವಾರ ಥಟ್ಟನೆ ಹತ್ತಿರದವನಾದ.

ಎರಡು ಇಸವಿಗಳನ್ನೂ ಅಕ್ಕಪಕ್ಕ ಇಟ್ಟು ನೋಡಿ, 1752 ಮತ್ತು 1753. ಎರಡು ವರ್ಷದೊಳಗೆ ಒಂದೇ ನೆಲಕ್ಕೆ ಇಬ್ಬರು ಕಾವಲುಗಾರರು. ಕರ್ನಾಲಿನ ಹತ್ತಿರದ ಒಬ್ಬ ಜಾಟ ರೈತನನ್ನು ನೆನೆಸಿಕೊಳ್ಳಿ. ಕಣದಲ್ಲಿ ಗೋಧಿಯ ರಾಶಿ ಬಿದ್ದಿದೆ. ಅವನ ಊರಿನ ಕಂದಾಯ ನೂರು ರೂಪಾಯಿ ಎನ್ನೋಣ. ಚೌತ್ 25, ಸರ್‌ದೇಶಮುಖಿ 10, ರಾಖಿ 20. ಇಬ್ಬರೂ ಪೂರ್ತಿ ಕೇಳಿದರೆ 55 ರೂಪಾಯಿ ಕಾವಲಿಗೇ ಹೋಗುತ್ತದೆ, ಇನ್ನು ಕಂದಾಯ ಎತ್ತುವ ಬಾದಶಹನ ಆಮಿಲ ಬಾಗಿಲಲ್ಲಿ ನಿಂತೇ ಇದ್ದಾನೆ. ಈ ಕಣದ ಮುಂದೆ ಇಬ್ಬರೂ ಗೆಳೆಯರಾಗಿ ಉಳಿಯುವುದು ಕಷ್ಟವಿತ್ತು.

ಆದರೂ ಮೊದಲ ಭೇಟಿ ಗೆಳೆತನದ್ದೇ. 1758ರಲ್ಲಿ ಪೇಶ್ವೆಯ ತಮ್ಮ ರಘುನಾಥರಾವ್ ಪಂಜಾಬಿಗೆ ನುಗ್ಗಿದಾಗ ಅಲ್ಲಿನ ಅಧಿಕಾರಿ ಅದೀನಾ ಬೇಗನ ಜೊತೆಗೂಡಿ ಸಿಖ್ಖರೂ ಬಂದರು. ಮಾರ್ಚ್‌ನಲ್ಲಿ ಸರ್ಹಿಂದ್ ಬಿತ್ತು, ಏಪ್ರಿಲ್‌ನಲ್ಲಿ ಲಾಹೋರ್. ಸರ್ಹಿಂದ್ ಎಂದರೆ ಸಿಖ್ಖರ ಎದೆಗೆ ಚುಚ್ಚಿದ ಮುಳ್ಳು, ಗುರು ಗೋಬಿಂದ ಸಿಂಗರ ಇಬ್ಬರು ಎಳೆಯ ಮಕ್ಕಳನ್ನು ಕೊಲ್ಲಿಸಿದ ಊರು. ಆ ಊರಿಗೆ ಮೊದಲು ಕೈಹಾಕುವ ಹಕ್ಕು ತಮ್ಮದೆಂದು ಅವರು ಭಾವಿಸಿದರು. ಮರಾಠ ಸವಾರರಿಗೆ ಅದೊಂದು ಶ್ರೀಮಂತ ಪೇಟೆ ಮಾತ್ರ. ಲೂಟಿ ಯಾರದು ಮೊದಲು ಎಂಬಲ್ಲೇ ಮೊದಲ ಜಟಾಪಟಿ ನಡೆಯಿತು. ಪುಣೆಯಲ್ಲಿ ಅಟಕಿನಾಚೆ ಬಾವುಟ ಹಾರಿತೆಂದು ಇಂದಿಗೂ ಹೆಮ್ಮೆಪಡುತ್ತಾರೆ, ಪಡಲಿ. ಖಜಾನೆಯ ಲೆಕ್ಕ ಮಾತ್ರ ಬೇರೆ ಹೇಳುತ್ತದೆ. ವರ್ಷಕ್ಕೆ 75 ಲಕ್ಷ ಕೊಡುತ್ತೇನೆಂದು ಪಂಜಾಬನ್ನು ಪಡೆದ ಅದೀನಾ ಬೇಗ್ ಅದೇ ವರ್ಷ ಮಳೆಗಾಲ ಮುಗಿಯುವಷ್ಟರಲ್ಲಿ ಸತ್ತ. ರಘುನಾಥರಾವ್ ಮನೆಗೆ ತಂದದ್ದು ಸುಮಾರು 80 ಲಕ್ಷದ ಸಾಲ. ಆ ಸಾಲದ ಜಾಗದಲ್ಲಿ ಪಂಜಾಬಿನ ಹಳ್ಳಿಗಳನ್ನು ಬಲ್ಲ ಸಿಖ್ ಸರದಾರರ ಜೊತೆ ಒಂದು ಗಟ್ಟಿ ಕರಾರನ್ನು ತಂದಿದ್ದರೆ? ಹಾಗೆ ಆಗಲಿಲ್ಲ. ಪಾಣಿಪತ್ತಿನಲ್ಲಿ ದಳ ಖಾಲ್ಸಾ ಯಾರ ಪರವಾಗಿಯೂ ನಿಲ್ಲಲಿಲ್ಲ. ಪಟಿಯಾಲದ ಆಲಾ ಸಿಂಗ್ ಒಬ್ಬ ಮಾತ್ರ ಹಸಿದಿದ್ದ ಮರಾಠ ಪಾಳೆಯಕ್ಕೆ ಧಾನ್ಯ ಕಳಿಸಿದ. 1761ರ ಜನವರಿ 14ರ ಯುದ್ಧದ ಹೊತ್ತಿಗೆ ಆ ಧಾನ್ಯವೂ ಸಾಕಾಗಲಿಲ್ಲ.

ಪಾಣಿಪತ್ತಿನ ನಂತರ ಮರಾಠರು ಪಂಜಾಬಿನಿಂದ ಹಿಂದೆ ಸರಿದರು, ಸಿಖ್ಖರು ಮುಂದೆ ಬಂದರು. 1762ರ ಫೆಬ್ರುವರಿಯ ದೊಡ್ಡ ಘಲ್ಲೂಘಾರಾ ಎಂಬ ಹತ್ಯಾಕಾಂಡದಲ್ಲಿ ಅಬ್ದಾಲಿ ಒಂದೇ ದಿನ ಸಾವಿರಾರು ಜನರನ್ನು ಕೊಂದರೂ ಎರಡೇ ವರ್ಷಕ್ಕೆ ಸರ್ಹಿಂದ್ ಅವರದಾಯಿತು, 1765ರಲ್ಲಿ ಲಾಹೋರ್. ನೇರ ಯುದ್ಧ ಎಂದರೆ 1766ರ ಮಾರ್ಚ್‌ನದು. ಭರತ್‌ಪುರದ ಜವಾಹರ್ ಸಿಂಗ್ ಸಂಬಳಕ್ಕೆ ಕರೆಸಿಕೊಂಡ ಸಿಖ್ ಸವಾರರು ಧೋಲ್‌ಪುರದ ಬಳಿ ಮಲ್ಹಾರರಾವ್ ಹೋಳ್ಕರನ ಪಡೆಯನ್ನು ಸೋಲಿಸಿದರು. ಒಂದು ವರ್ಷದ ಹಿಂದೆ ಇದೇ ಜವಾಹರ್ ಸಿಂಗನಿಗಾಗಿ ದಿಲ್ಲಿಯ ಹೊರಗೆ ಅಲ್ಲಿನ ಆಡಳಿತ ಹಿಡಿದಿದ್ದ ನಜೀಬ್ ಖಾನನ ವಿರುದ್ಧ ಈ ಎರಡೂ ಪಡೆಗಳು ಒಟ್ಟಿಗೆ ನಿಂತಿದ್ದವು. ಮಲ್ಹಾರರಾವ್ ಎರಡು ತಿಂಗಳಲ್ಲಿ ಆಲಂಪುರದಲ್ಲಿ ಕಣ್ಣುಮುಚ್ಚಿದ.

ಈಗ 1783ಕ್ಕೆ ಬರೋಣ. ಈ ಇಸವಿಯನ್ನು ಈ ಊರಿನಲ್ಲಿ ಹೇಳುವಾಗ ನನಗೆ ವಿಶೇಷ ಸಂತೋಷ. ಮಾರ್ಚ್ 11ರಂದು ಬಘೇಲ್ ಸಿಂಗ್, ಜಸ್ಸಾ ಸಿಂಗ್ ಅಹ್ಲುವಾಲಿಯಾ ಮತ್ತಿತರ ಸರದಾರರು ದಿಲ್ಲಿಯ ಕೆಂಪು ಕೋಟೆಯೊಳಕ್ಕೆ ಹೋದರು. ಮೂವತ್ತು ಸಾವಿರ ಜನ ಬಿಡಾರ ಹೂಡಿದ್ದ ಬಯಲಿಗೆ ತೀಸ್ ಹಜಾರಿ ಎಂಬ ಹೆಸರು ಬಂದು, ಇಂದು ಅಲ್ಲಿ ಕೋರ್ಟು ಇದೆ. ಬೇಗಂ ಸಮ್ರು ನಡುವೆ ನಿಂತು ಸಂಧಿ ಮಾಡಿಸಿದಳು. ಬಘೇಲ್ ಸಿಂಗ್ ನಾಲ್ಕು ಸಾವಿರ ಜನರೊಂದಿಗೆ ದಿಲ್ಲಿಯಲ್ಲಿ ಉಳಿದು, ಗುರುಗಳ ನೆನಪಿನ ಸ್ಥಳಗಳಲ್ಲಿ ಏಳು ಗುರುದ್ವಾರಗಳನ್ನು ಕಟ್ಟಿಸಿದ. ಸೀಸ್‌ಗಂಜ್, ರಕಾಬ್‌ಗಂಜ್, ಬಂಗ್ಲಾ ಸಾಹಿಬ್ ಎಲ್ಲ ಆಗಿನವು. ಖರ್ಚಿಗೆ ಊರಿನ ಜಕಾತಿಯಲ್ಲಿ ರೂಪಾಯಿಗೆ ಆರು ಆಣೆ.

ಅದೇ 1783ರಲ್ಲಿ ಅಹ್ಮದ್ ಬಿನ್ ಮೊಹಮ್ಮದ್ ಅಲ್ ಖಲೀಫಾ ಬುಶೆಹರಿನ ಶೇಖ್ ನಸ್ರ್‌ನ ಕೈಯಿಂದ ಈ ಬಹರೈನ್ ದ್ವೀಪವನ್ನು ಗೆದ್ದ. ಜುಫೈರಿನ ಅಲ್ ಫತೇಹ್ ಮಸೀದಿಯ ಮುಂದೆ ದಿನವೂ ಹೋಗಿ ಬರುವ ನಿಮಗೆ ಅದು ಯಾರ ಬಿರುದು ಎಂದು ಗೊತ್ತಿರಬಹುದು, ಗೆದ್ದವನು ಎಂದೇ ಅದರ ಅರ್ಥ. ಅದೇ ವರ್ಷ ಮಂಗಳೂರಿನ ಕೋಟೆಯನ್ನು ಟಿಪ್ಪು ಮುತ್ತಿಗೆ ಹಾಕಿ ಕೂತಿದ್ದ. ಕರಾವಳಿಯಿಂದ ಬಂದವರು ಇಲ್ಲಿ ಅನೇಕರಿದ್ದೀರಿ, ನಿಮ್ಮ ಹಿರಿಯರು ಆ ಫಿರಂಗಿಯ ಸದ್ದು ಕೇಳಿದ್ದಾರು. ಮುತ್ತಿನ ದ್ವೀಪ, ಮೊಗಲರ ದಿಲ್ಲಿ, ನಮ್ಮ ಕರಾವಳಿ ಮೂರರಲ್ಲೂ ಹಳೆಯ ದೊಡ್ಡ ಮನೆಗಳು ಕುಸಿಯುತ್ತಿದ್ದವು, ಆ ಜಾಗದಲ್ಲಿ ಸಣ್ಣ ಚುರುಕಿನ ಪಡೆಗಳು ನಿಲ್ಲುತ್ತಿದ್ದವು. ಬಹರೈನಿನ ಶೇಖರೂ ಮುಂದಿನ ದಶಕಗಳಲ್ಲಿ ಮಸ್ಕತ್ತಿಗೆ ಕಪ್ಪ, ದಿರಿಯಾಕ್ಕೆ ಕಪ್ಪ ಎಂದು ಕಾವಲಿನ ಬೆಲೆ ತೆರುತ್ತಲೇ ಬಂದರು. ನಾನು ಹೇಳುತ್ತಿರುವ ಕಥೆ ಪಂಜಾಬಿಗೆ ಮಾತ್ರ ಸೇರಿದ್ದಲ್ಲವೆಂದು ಇದರಿಂದ ತಿಳಿಯಬಹುದು.

1784ರ ಕೊನೆಯಲ್ಲಿ ಮರಾಠ ಸರದಾರ ಮಹಾದಜಿ ಶಿಂಧೆ ದಿಲ್ಲಿಯ ವಕೀಲ್-ಇ-ಮುತ್ಲಕ್ ಆದ. ಬಾದಶಹನ ಪರವಾಗಿ ಎಲ್ಲ ಅಧಿಕಾರ ಅವನದು. ಮಹಾದಜಿಯ ಬಗ್ಗೆ ನನಗೆ ಗೌರವವಿದೆ. ಪಾಣಿಪತ್ತಿನಿಂದ ಕಾಲು ಮುರಿಸಿಕೊಂಡು ಬದುಕಿ ಬಂದವನು, ಸೋಲನ್ನು ಜೀವನವಿಡೀ ಕುಂಟುತ್ತಾ ಹೊತ್ತವನು. ಅಷ್ಟು ದೊಡ್ಡ ಬಿರುದು ಹೊತ್ತ ಮೇಲೂ ತನ್ನನ್ನು ಪಾಟೀಲ ಎಂದೇ ಕರೆದುಕೊಂಡ. ಆದರೆ ಅವನ ಕೈಗೆ ಬಂದ ಪೆಟ್ಟಿಗೆಯಲ್ಲಿ ಹಣವಿರಲಿಲ್ಲ. ಯಮುನೆಯ ಆಚೆಯ ಹಳ್ಳಿಗಳು ಸಿಖ್ಖರಿಗೆ ರಾಖಿ ಕೊಡುತ್ತಿದ್ದವು, ಗಂಗಾ ದೋಆಬಿಗೂ ಸುಗ್ಗಿಗೊಮ್ಮೆ ಅವರ ಸವಾರರು ಇಳಿಯುತ್ತಿದ್ದರು. ಕಾದಾಡುವುದಕ್ಕಿಂತ ಮಾತು ಅಗ್ಗ ಎಂದು ಅವನು ತನ್ನ ಸರದಾರ ಅಂಬಾಜಿ ಇಂಗಳೆಯನ್ನು ಕಳಿಸಿದ. 1785ರ ಮೇ ತಿಂಗಳಲ್ಲಿ ಕರಾರಾಯಿತು: ಸಿಖ್ ಸರದಾರರು ಬಾದಶಹಿ ನೆಲದ ರಾಖಿ ಬಿಡಬೇಕು, 5000 ಕುದುರೆಯೊಂದಿಗೆ ಸೇವೆಗೆ ನಿಲ್ಲಬೇಕು, ಬದಲಿಗೆ 10 ಲಕ್ಷ ರೂಪಾಯಿಯ ಜಹಗೀರು. ಈ ಕೂಟವನ್ನು ಕಂಡು ಲಖ್ನೋದ ನವಾಬನೂ ಈಸ್ಟ್ ಇಂಡಿಯಾ ಕಂಪನಿಯವರೂ ಬೆದರಿದರು. ದಿಲ್ಲಿಯಲ್ಲಿದ್ದ ಕಂಪನಿಯ ಪ್ರತಿನಿಧಿ ಜೇಮ್ಸ್ ಬ್ರೌನ್ ಇದನ್ನು ತಪ್ಪಿಸಲು ಸಿಖ್ಖರಿಗೆ ತಾನೂ ಪತ್ರ ಬರೆಯುತ್ತಿದ್ದ.

ಅವರು ಬೆದರಬೇಕಾದ ಅಗತ್ಯವಿರಲಿಲ್ಲ. ಕರಾರಿನ ಶಾಯಿ ಒಣಗುವ ಮೊದಲೇ ಸವಾರರು ಮತ್ತೆ ಯಮುನೆ ದಾಟಿದರು. ಇದನ್ನು ಸಿಖ್ಖರ ವಚನಭ್ರಷ್ಟತೆ ಎಂದು ಬರೆದ ಪುಸ್ತಕಗಳನ್ನು ನಾನು ಓದಿದ್ದೇನೆ, ಒಪ್ಪುವುದಿಲ್ಲ. ಮಿಸಲು ಎಂದರೆ ಸಮಾನರ ಕೂಟ. ಅಮೃತಸರದಲ್ಲಿ ಸರ್ಬತ್ ಖಾಲ್ಸಾ ಎಂಬ ಮಹಾಸಭೆ ಸೇರಿ ಗುರ್ಮತಾ ಎಂಬ ನಿರ್ಣಯ ಮಾಡಿದರೆ ಮಾತ್ರ ಎಲ್ಲರಿಗೂ ಕಟ್ಟು. ಬಘೇಲ್ ಸಿಂಗ್ ಹಾಕಿದ ಮೊಹರು ಬಘೇಲ್ ಸಿಂಗನಿಗೆ ಮಾತ್ರ. ಮಹಾದಜಿ ಒಬ್ಬನ ಜೊತೆ ಮಾತಾಡಿ ಹನ್ನೆರಡು ಮಿಸಲುಗಳ ಕೀಲಿ ಸಿಕ್ಕಿತೆಂದುಕೊಂಡ. ಅವನ ಕಡೆಯ ತೊಡಕೂ ಸಣ್ಣದಲ್ಲ. ಮುಂದೆ ದಿ ಬ್ವಾನ್ಯ್ ಎಂಬ ಸವೊಯ್‌ಯ ಸೇನಾನಿ ಕಟ್ಟಿದ ಕಾಲಾಳು ಪಲ್ಟಣಗಳಿಗೆ ತಿಂಗಳು ತಿಂಗಳು ಸಂಬಳ ಬೇಕು. ಆ ಸಂಬಳಕ್ಕೆ ಗೊತ್ತುಮಾಡಿದ ನೆಲ ಅಲಿಗಢದ ಸುತ್ತಿನ ದೋಆಬು. ಸುಗ್ಗಿಗೊಮ್ಮೆ ಎತ್ತುವ ರಾಖಿ ಹೊಟ್ಟೆಗೆ ಸಾಕಿದ್ದ ಸಿಖ್ ಸವಾರನಿಗೂ ಸಂಬಳದ ಪಲ್ಟಣಕ್ಕೂ ಒಂದೇ ಹೊಲದ ಬೆಳೆ ಸಾಲದು.

ಇಲ್ಲಿ ನಮ್ಮ ನಾಡಿನ ಒಂದು ನೋವನ್ನು ನೆನೆಯದೆ ಮುಂದೆ ಹೋಗಲಾರೆ. 1791ರಲ್ಲಿ ಪರಶುರಾಮ ಭಾವು ಪಟವರ್ಧನನ ಸೇನೆ ಟಿಪ್ಪುವಿನ ವಿರುದ್ಧ ಬಂದಾಗ ಅದರ ಬೆನ್ನಿಗಿದ್ದ ಪಿಂಡಾರಿಗಳು ಶೃಂಗೇರಿಯನ್ನು ಕೊಳ್ಳೆ ಹೊಡೆದರು. ಶಾರದಾಂಬೆಯ ಮೂರ್ತಿ ಸ್ಥಾನ ತಪ್ಪಿತು, ಸ್ವಾಮಿಗಳು ಕಾರ್ಕಳಕ್ಕೆ ಹೋಗಿ ತಂಗಿದರು. ಮತ್ತೆ ಪ್ರತಿಷ್ಠೆಗೆ ಹಣ, ಧಾನ್ಯ ಕೊಡಿಸಿದವನು ಟಿಪ್ಪು ಸುಲ್ತಾನ. ಅವನು ಸ್ವಾಮಿಗಳಿಗೆ ಬರೆದ ಕನ್ನಡ ಪತ್ರಗಳನ್ನು 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಮಠದಲ್ಲಿ ಕಂಡು ಬೆಳಕಿಗೆ ತಂದರು. ಸಂಬಳವಿಲ್ಲದೆ ಬೆನ್ನಟ್ಟಿ ಬಂದ ಸವಾರ ದೇವರ ಮನೆಯನ್ನೂ ಬಿಡುವುದಿಲ್ಲ, ಅವನ ಹಣೆಯ ಮೇಲಿನ ಗುರುತು ಯಾವುದೇ ಇರಲಿ. ಶೃಂಗೇರಿಯನ್ನು ಬಲ್ಲ ಕನ್ನಡಿಗನಿಗೆ ಕರ್ನಾಲು, ಥಾನೇಸರಗಳ ಜನ ಯಾಕೆ ಮರಾಠ ದಂಡಿನ ಧೂಳು ಕಂಡರೆ ಬಾಗಿಲು ಹಾಕುತ್ತಿದ್ದರೆಂದು ಬೇರೆ ಹೇಳಬೇಕಿಲ್ಲ. ಸಿಖ್ ಸವಾರರ ಧೂಳು ಕಂಡು ದೋಆಬಿನ ಜನವೂ ಹಾಗೆಯೇ ಬಾಗಿಲು ಹಾಕಿದರು. ಇದನ್ನೂ ಅಷ್ಟೇ ಖಂಡಿತವಾಗಿ ಹೇಳಬೇಕು.

1794ಕ್ಕೆ ಬರುತ್ತೇನೆ. ಇಡೀ ಕಥೆಯಲ್ಲಿ ನನ್ನ ಮನಸ್ಸು ಹೆಚ್ಚು ನಿಲ್ಲುವುದು ಇಲ್ಲೇ. ಫೆಬ್ರುವರಿಯಲ್ಲಿ ಮಹಾದಜಿ ಪುಣೆಯ ಬಳಿ ತೀರಿಕೊಂಡ. ಅದೇ ವರ್ಷ ಅವನ ಮನೆತನದ ಸರದಾರರಾದ ಅಂತಾರಾವ್, ಲಛಮನ್ ರಾವ್ ಯಮುನೆ ದಾಟಿ ಪಟಿಯಾಲದತ್ತ ನಡೆದರು. ಪಟಿಯಾಲದ ದೊರೆ ಸಾಹಿಬ್ ಸಿಂಗ್ ದುರ್ಬಲ. ಆಡಳಿತವನ್ನೆಲ್ಲ ನೋಡುತ್ತಿದ್ದವಳು ಅವನ ಅಕ್ಕ ಸಾಹಿಬ್ ಕೌರ್. ಮದುವೆಯಾಗಿ ಹೋದ ಮನೆಯಿಂದ ತಮ್ಮ ಕರೆದನೆಂದು ಬಂದು ದಿವಾನಳಾಗಿ ಕೂತವಳು, ವಯಸ್ಸು ಇಪ್ಪತ್ತರ ಆಸುಪಾಸು. ಜೀಂದ್, ಥಾನೇಸರ, ಕಲ್ಸಿಯಾಗಳ ಸರದಾರರನ್ನು ಕೂಡಿಸಿ ಸುಮಾರು ಏಳು ಸಾವಿರ ಜನರೊಂದಿಗೆ ಅಂಬಾಲಾದ ಹತ್ತಿರ ಮರ್ದನ್‌ಪುರದಲ್ಲಿ ಎದುರಾದಳು. ಮರಾಠರ ಸಂಖ್ಯೆಯೂ ಹೆಚ್ಚು, ತೋಪುಗಳೂ ಹೆಚ್ಚು. ಸಿಖ್ಖರ ಸಾಲು ಹಿಂಜರಿಯತೊಡಗಿತು. ಆಗ ಅವಳು ರಥದಿಂದ ಇಳಿದು, ಕತ್ತಿ ಹಿರಿದು, ಹೆಣ್ಣೊಬ್ಬಳನ್ನು, ನಿಮ್ಮ ದೊರೆಯ ಒಡಹುಟ್ಟನ್ನು ಬಿಟ್ಟು ಓಡುವವರು ಓಡಲಿ, ನಾನು ಇಲ್ಲಿಂದ ಕದಲುವುದಿಲ್ಲ ಎಂಬ ಅರ್ಥದ ಮಾತಾಡಿದಳೆಂದು ಪಟಿಯಾಲದ ಕಥನ. ಓಡಲು ಕಾಲೆತ್ತಿದವರು ನಿಂತರು. ಕತ್ತಲಾಗುವವರೆಗೆ ಕಾದಿದರು, ರಾತ್ರಿ ಸರದಾರರು ಹಿಂದಕ್ಕೆ ಹೋಗೋಣ ಎಂದಾಗ ಅವಳು ಒಪ್ಪದೆ ಅದೇ ಇರುಳು ಶತ್ರು ಪಾಳೆಯದ ಮೇಲೆ ದಾಳಿ ಮಾಡಿಸಿದಳು. ದಣಿದು ಮಲಗಿದ್ದ ಮರಾಠರು ಬೆಳಗಾಗುವಷ್ಟರಲ್ಲಿ ಕರ್ನಾಲಿನ ದಾರಿ ಹಿಡಿದಿದ್ದರು.

ನಾವು ಕೆಳದಿಯ ಚೆನ್ನಮ್ಮಾಜಿಯನ್ನೂ ಬೆಳವಡಿ ಮಲ್ಲಮ್ಮನನ್ನೂ ಕೇಳಿ ಬೆಳೆದವರು, ಸಾಹಿಬ್ ಕೌರಳನ್ನು ಗುರುತಿಸಲು ನಮಗೆ ತಡವಾಗುವುದಿಲ್ಲ. ಔರಂಗಜೇಬನ ಸೇನೆ ಬೆನ್ನಟ್ಟಿದಾಗ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟವಳು ಚೆನ್ನಮ್ಮಾಜಿ. ನೂರು ವರ್ಷಗಳಲ್ಲಿ ಆಶ್ರಯ ಬೇಡಿದವರ ಮೊಮ್ಮಕ್ಕಳ ಕಾಲದವರು ಇನ್ನೊಬ್ಬ ಹೆಣ್ಣಿನ ಊರ ಬಾಗಿಲಲ್ಲಿ ಕಪ್ಪ ಕೇಳುತ್ತಾ ನಿಂತಿದ್ದರು. ಇದನ್ನು ಓದಿದಾಗಲೆಲ್ಲ ನನಗೆ ಮರಾಠರ ಮೇಲೆ ಸಿಟ್ಟಿಗಿಂತ ಸಂಕಟವೇ ಹೆಚ್ಚಾಗುತ್ತದೆ.

ಮುಂದಿನ ಹತ್ತು ವರ್ಷಗಳನ್ನು ಬೇಗ ದಾಟುತ್ತೇನೆ. ಹಾನ್ಸಿಯಲ್ಲಿ ಸ್ವಂತ ರಾಜ್ಯ ಕಟ್ಟಿಕೊಂಡ ಐರಿಶ್ ಸೈನಿಕ ಜಾರ್ಜ್ ಥಾಮಸನ ಕಾಟ ತಾಳದೆ ಸಿಖ್ ಸರದಾರರು ಶಿಂಧೆಯ ಫ್ರೆಂಚ್ ಸೇನಾನಿ ಪೆರೋನ್‌ನ ಮೊರೆಹೋದರು, 1801ರ ಕೊನೆಗೆ ಥಾಮಸ್ ಶರಣಾದ. 1803ರ ಸೆಪ್ಟೆಂಬರ್ 11ರಂದು ದಿಲ್ಲಿಯ ಪಟ್‌ಪರ್‌ಗಂಜಿನಲ್ಲಿ ಕಂಪನಿಯ ಸೇನಾನಿ ಜನರಲ್ ಲೇಕ್ ಶಿಂಧೆಯ ಸೇನೆಯನ್ನು ಮುರಿದಾಗ ಸಿಖ್ ಸವಾರರು ಶಿಂಧೆಯ ಪಕ್ಷದಲ್ಲಿದ್ದರು.

ಕೊನೆಯ ಅವಕಾಶ ಬಂದದ್ದು 1805ರ ಚಳಿಗಾಲದಲ್ಲಿ. ಯಶವಂತರಾವ್ ಹೋಳ್ಕರ್ ಕಂಪನಿಯ ಸೇನೆಗೆ ಬೆನ್ನು ಕೊಟ್ಟು ಅಮೃತಸರಕ್ಕೆ ಬಂದ, ಹಿಂದೆಯೇ ಲೇಕ್ ಬಿಯಾಸ್ ನದಿಯವರೆಗೆ ಬಂದು ನಿಂತ. ಹೋಳ್ಕರ್ ಲಾಹೋರಿನ ದೊರೆ ರಣಜಿತ್ ಸಿಂಗನನ್ನು ಕೂಡಿ ಕಾದೋಣವೆಂದು ಕೇಳಿಕೊಂಡ. ರಣಜಿತನಿಗೆ ಆಗ 25 ವರ್ಷ. ಅವನ ಸೋದರಮಾವ ಜೀಂದಿನ ಭಾಗ್ ಸಿಂಗ್ ಲೇಕ್‌ನ ಪಾಳೆಯದಲ್ಲೇ ಇದ್ದ. ಮರಾಠರು ಪಂಜಾಬಿಗೆ ಕಾವಲು ಮಾರಲು ಬಂದದ್ದನ್ನು ಐವತ್ತು ವರ್ಷ ನೋಡಿದ ನಾಡಿನವನು ಅವನು, ಈಗ ಅವರೇ ಕಾವಲು ಬೇಡುತ್ತಾ ಬಂದಾಗ ಒಪ್ಪಲಿಲ್ಲ. 1806ರ ಜನವರಿ 1ರಂದು ಕಂಪನಿಯೊಂದಿಗೆ ಆದ ಒಪ್ಪಂದದಲ್ಲಿ ಹೋಳ್ಕರನ ದಂಡನ್ನು ಅಮೃತಸರದಿಂದ 30 ಕೋಸು ದೂರ ಸರಿಸಬೇಕೆಂಬ ಮಾತಿದೆ. ಒಪ್ಪಿದ್ದರೆ ಏನಾಗುತ್ತಿತ್ತು ಎಂದು ನನ್ನ ವಿದ್ಯಾರ್ಥಿಗಳು ಪ್ರತಿವರ್ಷ ಕೇಳುತ್ತಿದ್ದರು. ರಣಜಿತನನ್ನು ದೂರುವುದು ನ್ಯಾಯವಲ್ಲ ಎಂಬುದೊಂದೇ ನನ್ನ ಉತ್ತರ. ನಂಬಿಕೆಯನ್ನು 1758ರಲ್ಲೇ ಕಟ್ಟಬೇಕಿತ್ತು.

ಮೂರನೆಯ ಕಾವಲುಗಾರ ಆಗ ಬಾಗಿಲಿಗೆ ಬಂದಿದ್ದ. 1809ರ ಏಪ್ರಿಲ್ 25ರ ಅಮೃತಸರ ಒಪ್ಪಂದದಿಂದ ಸತ್ಲಜ್ ನದಿ ಗಡಿಯಾಯಿತು. ಮೇ ತಿಂಗಳಲ್ಲಿ ಕಂಪನಿ ಡಂಗುರ ಹೊಡೆಸಿತು: ಸತ್ಲಜಿನ ಈಚೆಯ ಸರದಾರರು ನಮ್ಮ ರಕ್ಷಣೆಯಲ್ಲಿದ್ದಾರೆ, ಅವರು ಕಪ್ಪ ಕೊಡಬೇಕಾಗಿಲ್ಲ. ಚೌತ್ 25, ರಾಖಿ 20, ಈ ಹೊಸ ಕಾವಲಿಗೆ ಬಿಡಿಗಾಸೂ ಇಲ್ಲ. ಪಟಿಯಾಲ, ಜೀಂದ್, ನಾಭಾ, ಕೈಥಲ್ ಎಲ್ಲ ನಿಟ್ಟುಸಿರು ಬಿಟ್ಟವು. 1843ರಲ್ಲಿ ಕೈಥಲಿನ ಭಾಯಿ ಉದಯ್ ಸಿಂಗ್ ಮಕ್ಕಳಿಲ್ಲದೆ ಸತ್ತಾಗ ಕಂಪನಿ ಬಂದು ಕೋಟೆಯ ಕೀಲಿ ಕೇಳಿತು. ಥಾನೇಸರದ ಸರದಿ 1850ರಲ್ಲಿ. ಅದೇ ಬಗೆಯ ಪತ್ರಗಳು ಈ ಕೊಲ್ಲಿಗೂ ಬಂದವು. ಬಹರೈನಿನ ಶೇಖರು 1820ರಲ್ಲಿ ಮೊದಲ ಒಪ್ಪಂದಕ್ಕೆ, 1861ರಲ್ಲಿ ಇನ್ನೂ ಬಿಗಿಯಾದ ಒಪ್ಪಂದಕ್ಕೆ ಮೊಹರು ಹಾಕಿದರು. ಅದರ ಲೆಕ್ಕ ತೀರಿದ್ದು 1971ರಲ್ಲಿ.

ಒಂದು ಚಿಕ್ಕ ಸಂಗತಿ ಹೇಳಿ ನನ್ನ ಮಾತು ನಿಲ್ಲಿಸುತ್ತೇನೆ. ಹೋಳ್ಕರನಿಗೆ 30 ಕೋಸು ದೂರ ತೋರಿಸಿದ ರಣಜಿತ್ ಸಿಂಗ್ 1830ರ ದಶಕದಲ್ಲಿ ದಖ್ಖನಿನ ನಾಂದೇಡದಲ್ಲಿ ಗುರು ಗೋಬಿಂದ ಸಿಂಗರ ಕೊನೆಯ ನೆಲದ ಮೇಲೆ ಗುರುದ್ವಾರ ಕಟ್ಟಿಸಿದ. ಅದೇ ಸುಮಾರಿಗೆ ಹೈದರಾಬಾದಿನ ದಿವಾನ ಚಂದೂಲಾಲನ ಕಾಲದಲ್ಲಿ ಪಂಜಾಬಿನಿಂದ ಲಾಹೋರಿ ಫೌಜು ಎಂಬ ಸಿಖ್ ಪಡೆ ನಿಜಾಮನ ಸೇವೆಗೆ ಬಂತು. ಬಂದವರು ಹಿಂದಿರುಗಲಿಲ್ಲ. ಅವರ ವಂಶದವರೆಂದು ಹೇಳಿಕೊಳ್ಳುವ ಒಬ್ಬ ಹಿರಿಯರು ನಮ್ಮ ಓಣಿಯ ತುದಿಯಲ್ಲಿದ್ದರು. ನೀಲಿ ಪಗಡಿ, ಬಿಳಿ ಗಡ್ಡ, ಸೈಕಲ್ ರಿಪೇರಿ ಅಂಗಡಿ. ಪಿಯುಸಿ ಓದುವಾಗ ಪುಸ್ತಕದ ಹುರುಪಿನಲ್ಲಿ ನಾನು ಅವರನ್ನು ಕೇಳಿದ್ದೆ, ಕಾಕಾ, ನಿಮ್ಮ ಮಂದಿ ಮರಾಠರ ಜೋಡಿ ಯಾಕ ಜಗಳಾಡಿದ್ರು ಅಂತ. ಅವರು ಟ್ಯೂಬಿಗೆ ಗಾಳಿ ಹೊಡೆಯುತ್ತಲೇ ಹೇಳಿದರು: ‘ನಮ್ಮ ಮುತ್ಯಾನ ಮುತ್ಯಾ ಕಾವಲಿಗಂತ ಬಂದಾಂವ ತಮ್ಮಾ, ಪಗಾರ ಅರ್ಧಾನೇ ಕೊಟ್ರಂತ. ಬಾಕಿ ಅರ್ಧಾಕ್ಕ ಕಾದು ಕಾದು ನಾವು ಇಲ್ಲಿಯವರೇ ಆದಿವಿ.’